ನೆಟ್ ಮೀಟರ್ ಇರುವ ಮನೆಗೆ ಸೋಲಾರ್: ನಾನು ಲೆಕ್ಕ ಹಾಕುವ, ಅಳವಡಿಸುವ, ಪರೀಕ್ಷಿಸುವ ಬಗೆ

ತಾರಸಿ ಹತ್ತುವ ಮೊದಲು ಹಿಂದಿನ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳುತ್ತೇನೆ. ಅವುಗಳ ಪಕ್ಕದಲ್ಲಿ ವಿದ್ಯುತ್ ಕಂಪನಿಯ ನೆಟ್ ಮೀಟರಿಂಗ್ ನಿಯಮ. ಎಷ್ಟು ಪ್ಯಾನೆಲ್ ಬೇಕು, ಬ್ಯಾಟರಿ ಬೇಕೇ ಬೇಡವೇ, ವಾಷಿಂಗ್ ಮೆಷಿನ್ ಹಗಲು ಓಡಿಸಿದರೆ ಲಾಭವೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಈ ಕಾಗದಗಳಲ್ಲಿ. ಇವನ್ನು ಓದದೆ ಪ್ಯಾನೆಲ್ಲಿನ ಕಂಪನಿ ಯಾವುದು ಎಂದು ಚರ್ಚಿಸುತ್ತ ಕೂರುವುದು ದಂಡ.

ನೆಟ್ ಮೀಟರಿನೊಳಗೆ ಎರಡು ಲೆಕ್ಕ ಬೇರೆ ಬೇರೆಯಾಗಿ ಓಡುತ್ತವೆ. ಗ್ರಿಡ್‌ನಿಂದ (ವಿದ್ಯುತ್ ಕಂಪನಿಯ ಜಾಲದಿಂದ) ಮನೆಗೆ ಬಂದದ್ದು ಇಂಪೋರ್ಟ್, ಮನೆಯಿಂದ ಗ್ರಿಡ್‌ಗೆ ಹೋದದ್ದು ಎಕ್ಸ್‌ಪೋರ್ಟ್. ಹಲವು ಮೀಟರುಗಳ ಪರದೆಯಲ್ಲಿ 1.8.0 ಎಂಬ ಸಂಖ್ಯೆಯ ಜೊತೆ ಬರುವುದು ಇಂಪೋರ್ಟ್, 2.8.0 ಜೊತೆ ಬರುವುದು ಎಕ್ಸ್‌ಪೋರ್ಟ್. ಪ್ಯಾನೆಲ್ಲುಗಳು ಒಟ್ಟು ಉತ್ಪಾದಿಸಿದ್ದೆಷ್ಟು ಎಂಬುದು ಈ ಮೀಟರಿಗೆ ಗೊತ್ತೇ ಆಗುವುದಿಲ್ಲ; ಅದನ್ನು ಇನ್ವರ್ಟರಿನಲ್ಲೋ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ) ಪ್ರತ್ಯೇಕ ಸೋಲಾರ್ ಮೀಟರಿನಲ್ಲೋ ನೋಡಬೇಕು. "ಇನ್ವರ್ಟರ್ 360 ಯೂನಿಟ್ ತೋರಿಸುತ್ತಿದೆ, ಬಿಲ್ಲಿನಲ್ಲಿ 210 ಮಾತ್ರ ಇದೆ, ಉಳಿದ 150 ಎಲ್ಲಿ ಹೋಯಿತು?" ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಆ 150 ಯೂನಿಟ್ಟನ್ನು ಹಗಲಿನಲ್ಲಿ ಫ್ರಿಜ್, ಪಂಪು, ಫ್ಯಾನುಗಳು ಮೀಟರಿಗೆ ತಲುಪುವ ಮೊದಲೇ ಬಳಸಿಕೊಂಡಿವೆ. ಅದೇ ತಿಂಗಳು ಇಂಪೋರ್ಟ್ 190 ಇದ್ದರೆ ಮನೆಯ ನಿಜವಾದ ಬಳಕೆ 150 ಮತ್ತು 190 ಸೇರಿ 340 ಯೂನಿಟ್. ಬಿಲ್ಲಿಗೆ ಬರುವ ಲೆಕ್ಕ 190ರಲ್ಲಿ 210 ಕಳೆದದ್ದು, ಅಂದರೆ 20 ಯೂನಿಟ್ ಮುಂದಿನ ತಿಂಗಳಿಗೆ ಜಮೆ. ಮುಂದಿನ ಲೆಕ್ಕಗಳಿಗೂ ಇದೇ ಮನೆಯನ್ನು ಇಟ್ಟುಕೊಳ್ಳೋಣ.

ನಿಯಮ ಓದುವಾಗ ಮೊದಲು ಹುಡುಕಬೇಕಾದದ್ದು ಎಕ್ಸ್‌ಪೋರ್ಟ್ ಯೂನಿಟ್ಟಿನ ಬೆಲೆ. ನಿಜವಾದ ನೆಟ್ ಮೀಟರಿಂಗಿನಲ್ಲಿ ಯೂನಿಟ್ಟಿಗೆ ಯೂನಿಟ್ ವಜಾ ಆಗುತ್ತದೆ. ನೆಟ್ ಬಿಲ್ಲಿಂಗಿನಲ್ಲಿ ಕೊಂಡದ್ದಕ್ಕೆ ಒಂದು ದರ, ಕೊಟ್ಟದ್ದಕ್ಕೆ ಅದಕ್ಕಿಂತ ಕಡಿಮೆ ದರ. ಗ್ರಾಸ್ ಮೀಟರಿಂಗಿನಲ್ಲಿ ಉತ್ಪಾದನೆಯೆಲ್ಲ ನೇರವಾಗಿ ಗ್ರಿಡ್‌ಗೆ ಹೋಗುತ್ತದೆ, ಮನೆ ಮಾಮೂಲಿನಂತೆ ಪೂರ್ತಿ ಕೊಳ್ಳುತ್ತದೆ. ಆಡುಮಾತಿನಲ್ಲಿ ಮೂರಕ್ಕೂ ನೆಟ್ ಮೀಟರ್ ಎಂದೇ ಹೇಳಿಬಿಡುತ್ತಾರೆ, ಹಾಗಾಗಿ ಮಾರುವವರ ಬಾಯಿಮಾತನ್ನು ಇಲ್ಲಿ ನಂಬಬಾರದು. ವ್ಯತ್ಯಾಸ ಸಣ್ಣದಲ್ಲ. ಕೊಳ್ಳುವ ಯೂನಿಟ್ಟಿಗೆ 3 ಪಾಲು, ಕೊಡುವ ಯೂನಿಟ್ಟಿಗೆ 1 ಪಾಲು ಎಂದುಕೊಳ್ಳಿ. ಮೇಲಿನ ಮನೆಗೆ ನೆಟ್ ಬಿಲ್ಲಿಂಗಿನಲ್ಲಿ 570ರಲ್ಲಿ 210 ಕಳೆದು 360 ಪಾಲಿನ ಬಿಲ್ಲು ಬರುತ್ತದೆ. ರಾತ್ರಿ ಬಳಸುತ್ತಿದ್ದ 60 ಯೂನಿಟ್ಟನ್ನು, ಅಂದರೆ ಗೀಸರ್, ಪಂಪು, ಬಟ್ಟೆ ಒಗೆಯುವ ಕೆಲಸವನ್ನು ಬಿಸಿಲಿನ ಹೊತ್ತಿಗೆ ಸರಿಸಿದರೆ ಇಂಪೋರ್ಟ್ 130, ಎಕ್ಸ್‌ಪೋರ್ಟ್ 150 ಆಗಿ ಬಿಲ್ಲು 240 ಪಾಲಿಗೆ ಇಳಿಯುತ್ತದೆ. ಯೂನಿಟ್ಟಿಗೆ ಯೂನಿಟ್ ವಜಾ ಆಗುವಲ್ಲಿ ಇದೇ ಕಸರತ್ತಿನಿಂದ ಒಂದು ಪೈಸೆಯೂ ಉಳಿಯದು. ಅಲ್ಲಿ ರಾತ್ರಿ ಒಗೆದರೂ ಒಂದೇ, ಹಗಲು ಒಗೆದರೂ ಒಂದೇ. ಹೊತ್ತಿಗೊಂದು ದರ ಇರುವಲ್ಲಿ ಮಾತ್ರ ಜಮೆಯಾದ ಯೂನಿಟ್ ಯಾವ ಹೊತ್ತಿನ ಬಳಕೆಗೆ ವಜಾ ಆಗುತ್ತದೆ ಎಂದು ಬೇರೆಯಾಗಿ ನೋಡಬೇಕು.

ಬ್ಯಾಟರಿಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಬ್ಯಾಟರಿಗೆ ತುಂಬಿ ವಾಪಸ್ ತೆಗೆಯುವಷ್ಟರಲ್ಲಿ ನೂರಕ್ಕೆ 10ರಿಂದ 15 ಯೂನಿಟ್ ನಷ್ಟ. ಗ್ರಿಡ್‌ಗೆ ಕೊಟ್ಟ ಯೂನಿಟ್ ಪೂರ್ತಿಯಾಗಿ ಹಿಂದಿರುಗುವ ಕಡೆ ಬಿಲ್ಲಿನ ದೃಷ್ಟಿಯಿಂದ ಬ್ಯಾಟರಿ ಶುದ್ಧ ಖರ್ಚು. ಕರೆಂಟ್ ಹೋದಾಗ ಬೇಕು ಅನ್ನುವವರಿಗೆ ಮಾತ್ರ ಅದು.

ಗಾತ್ರದ ಲೆಕ್ಕ ಸುಲಭ. ತಿಂಗಳಿಗೆ ಸರಾಸರಿ 340 ಯೂನಿಟ್ ಅಂದರೆ ವರ್ಷಕ್ಕೆ 4,080. ಬಿಸಿಲು ಚೆನ್ನಾಗಿರುವ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್, ವರ್ಷಕ್ಕೆ 1,460 ಕೊಡುತ್ತದೆ. ಮೋಡ ಹೆಚ್ಚಿರುವ ಊರಿಗೆ 3 ಹಿಡಿಯುವುದು ಮೇಲು. 4,080ನ್ನು 1,460ರಿಂದ ಭಾಗಿಸಿದರೆ 2.8 ಕಿಲೋವ್ಯಾಟ್, 550 ವ್ಯಾಟಿನ 5 ಪ್ಯಾನೆಲ್ ಸಾಕು. ಪ್ಯಾನೆಲ್ಲಿನ ಮೇಲೆ ಬರೆದ ವ್ಯಾಟ್ 25 ಡಿಗ್ರಿ ಉಷ್ಣತೆಗೆ ಅಳೆದದ್ದು. ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿಗೆ ಕಾದರೆ ಒಂದೊಂದು ಡಿಗ್ರಿಗೆ ಶೇ. 0.3ರಿಂದ 0.4ರಂತೆ ಶೇ. 12ರಿಂದ 16ರಷ್ಟು ಇಳಿಯುತ್ತದೆ. 5 ಕಿಲೋವ್ಯಾಟ್ ಹಾಕಿಸಿದರೂ 5 ಯಾಕೆ ತೋರಿಸುವುದಿಲ್ಲ ಎಂದು ಕೇಳುವವರಿಗೆ ಇದೇ ಉತ್ತರ.

ಆದರೆ ಬಳಕೆ ಪೂರ್ತಿ ಮುಚ್ಚುವಷ್ಟು ಹಾಕುವುದೇ ಯಾವಾಗಲೂ ಜಾಣತನವಲ್ಲ. ಸ್ಲ್ಯಾಬ್ ದರ ಇರುವಲ್ಲಿ ಸೋಲಾರ್ ಮೊದಲು ಕತ್ತರಿಸುವುದು ಅತಿ ದುಬಾರಿಯಾದ ಮೇಲಿನ ಸ್ಲ್ಯಾಬನ್ನು. ಮೊದಲ 100 ಯೂನಿಟ್ಟಿಗೆ 1 ಪಾಲು, ಮುಂದಿನ 100ಕ್ಕೆ 2, ಆಮೇಲಿನದಕ್ಕೆ 3 ಎಂದಿದ್ದರೆ 340 ಯೂನಿಟ್ಟಿನ ಬೆಲೆ 720 ಪಾಲು. ತಿಂಗಳಿಗೆ 140 ಯೂನಿಟ್ ಕೊಡುವ ಸಣ್ಣ ವ್ಯವಸ್ಥೆ, ಅಂದರೆ ಸುಮಾರು 1.2 ಕಿಲೋವ್ಯಾಟ್, ಇದರಲ್ಲಿ 420 ಪಾಲನ್ನು ಅಳಿಸುತ್ತದೆ. ಕೊನೆಯ 100 ಯೂನಿಟ್ಟಿಗಾಗಿ ಹಾಕಿದ ಪ್ಯಾನೆಲ್ಲುಗಳು ಉಳಿಸುವುದು ಬರೀ 100 ಪಾಲು. ಹಣ ಕೈಯಲ್ಲಿ ಕಡಿಮೆ ಇದ್ದರೆ ಮೇಲಿನ ಸ್ಲ್ಯಾಬಿಗಷ್ಟೇ ಹಾಕಿಸಿ, ಮುಂದೆ ಪ್ಯಾನೆಲ್ ಸೇರಿಸಲು ಬರುವಂತೆ ಇನ್ವರ್ಟರ್ ಮಾತ್ರ ಒಂದು ಮೆಟ್ಟಿಲು ದೊಡ್ಡದು ತೆಗೆದುಕೊಳ್ಳಿ ಎನ್ನುತ್ತೇನೆ. ಮೀಟರಿನ ನಿಗದಿತ ಶುಲ್ಕ ಎಷ್ಟು ಪ್ಯಾನೆಲ್ ಹಾಕಿದರೂ ಕರಗುವುದಿಲ್ಲ.

ಜಮೆಯಾದ ಯೂನಿಟ್ ಯಾವ ತಿಂಗಳು ಇತ್ಯರ್ಥವಾಗುತ್ತದೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಬಿಸಿಲಿನ ತಿಂಗಳುಗಳಲ್ಲಿ ಕೂಡಿದ್ದು ಮೋಡದ ತಿಂಗಳುಗಳಲ್ಲಿ ಖರ್ಚಾಗಬೇಕು. ಇತ್ಯರ್ಥದ ದಿನ ಬಿಸಿಲುಗಾಲ ಮುಗಿದ ಕೂಡಲೇ ಬಿದ್ದರೆ, ಕೂಡಿಟ್ಟ ಯೂನಿಟ್ ಕಡಿಮೆ ಬೆಲೆಗೆ ಹೋಗುತ್ತದೆ ಅಥವಾ ಸೊನ್ನೆಯಾಗುತ್ತದೆ; ಮರುತಿಂಗಳೇ ಪೂರ್ತಿ ದರ ಕೊಟ್ಟು ಕೊಳ್ಳಬೇಕು. ಅಂಥ ಕಡೆ ಲೆಕ್ಕಕ್ಕೆ ಬಂದ ಗಾತ್ರಕ್ಕಿಂತ ಒಂದು ಪ್ಯಾನೆಲ್ ಕಡಿಮೆ ಇರಲಿ.

ಇನ್ನು ವೈರಿಂಗ್. ನೆಟ್ ಮೀಟರ್ ಇರುವ ಮನೆಗಳಲ್ಲಿ ಉತ್ಪಾದನೆ ಕಳೆದುಹೋಗುವುದು ಹೆಚ್ಚಾಗಿ ಇಲ್ಲಿ. ಇನ್ವರ್ಟರ್ ಕರೆಂಟನ್ನು ಹೊರಗೆ ತಳ್ಳಬೇಕಾದರೆ ತನ್ನ ವೋಲ್ಟೇಜನ್ನು ಗ್ರಿಡ್‌ಗಿಂತ ಮೇಲೆ ಏರಿಸಲೇಬೇಕು. ಕೇಬಲ್ ತೆಳುವಾಗಿದ್ದಷ್ಟೂ ಆ ಏರಿಕೆ ಜಾಸ್ತಿ. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ 5 ಕಿಲೋವ್ಯಾಟ್ ಅಂದರೆ ಸುಮಾರು 22 ಆಂಪಿಯರ್. ಇನ್ವರ್ಟರಿನಿಂದ ಮೀಟರಿಗೆ 30 ಮೀಟರ್ ದೂರವಿದ್ದರೆ ಹೋಗಿಬರುವ ತಂತಿ 60 ಮೀಟರ್. 4 ಚದರ ಮಿಲಿಮೀಟರ್ ತಾಮ್ರಕ್ಕೆ ಏರಿಕೆ 6 ವೋಲ್ಟ್, 10 ಚದರ ಮಿಲಿಮೀಟರಿಗೆ 2.4 ವೋಲ್ಟ್. ಮಧ್ಯಾಹ್ನ ಮೀಟರಿನ ಬಳಿ 248 ವೋಲ್ಟ್ ಇದ್ದು ಇನ್ವರ್ಟರಿನ ಮಿತಿ 253 ಎಂದಿದ್ದರೆ, ತೆಳು ಕೇಬಲ್ ಇರುವ ಇನ್ವರ್ಟರ್ 254 ನೋಡಿ ಕೈಕಟ್ಟಿ ಕೂರುತ್ತದೆ. ದಪ್ಪ ಕೇಬಲ್ ಇರುವುದು 250ರ ಆಸುಪಾಸಿನಲ್ಲಿ ಓಡುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ: ಬಿಸಿಲು ಜೋರಾಗಿರುವ ಹೊತ್ತಿನಲ್ಲೇ ಉತ್ಪಾದನೆಯ ಗೆರೆ ಬಾಚಣಿಗೆಯ ಹಲ್ಲಿನ ಹಾಗೆ ಏರಿಳಿಯುತ್ತಿದ್ದರೆ ಇದೇ ಕಾಯಿಲೆ. ಎರಡೂ ತುದಿಯಲ್ಲಿ ಒಂದೇ ಹೊತ್ತಿಗೆ ವೋಲ್ಟೇಜ್ ಅಳೆಯಿರಿ. ತುದಿಗಳ ನಡುವಿನ ವ್ಯತ್ಯಾಸ ದೊಡ್ಡದಿದ್ದರೆ ಕೇಬಲ್ ಅಥವಾ ಸಡಿಲ ಟರ್ಮಿನಲ್. ಮೀಟರಿನ ಬಳಿಯೇ ವೋಲ್ಟೇಜ್ ಹೆಚ್ಚಿದ್ದರೆ ಅದು ವಿದ್ಯುತ್ ಕಂಪನಿ ಟ್ರಾನ್ಸ್‌ಫಾರ್ಮರಿನಲ್ಲಿ ಸರಿಪಡಿಸಬೇಕಾದ ಕೆಲಸ. ಮಿತಿಯನ್ನೇ ಮೇಲಕ್ಕೆ ತಿರುಗಿಸುವ ಅಡ್ಡದಾರಿ ಬೇಡ. ಮನೆಯ ಉಪಕರಣಗಳಿಗೂ ಅದೇ ವೋಲ್ಟೇಜು ಸಿಗುತ್ತದೆ.

ಡಿಸಿ ಕಡೆಗೆ, ಅಂದರೆ ಪ್ಯಾನೆಲ್ಲಿನಿಂದ ಇನ್ವರ್ಟರಿನವರೆಗಿನ ವೈರಿಂಗಿಗೆ, ಎರಡೇ ಮಾತು. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರಿನ ಗಂಡು ಹೆಣ್ಣು ಎರಡೂ ಒಂದೇ ತಯಾರಕರದ್ದಾಗಿರಲಿ, ಬೇರೆ ಬೇರೆಯವು ಕೂಡಿದಂತೆ ಕಂಡರೂ ಒಳಗೆ ಕಾದು ಕರಗಬಹುದು. ಡಿಸಿಗೆ ಡಿಸಿಯದ್ದೇ ಬ್ರೇಕರ್ ಹಾಕಿ; ಎಸಿ ಬ್ರೇಕರಿಗೆ ಡಿಸಿಯ ಕಿಡಿಯನ್ನು ಆರಿಸುವ ಶಕ್ತಿಯಿಲ್ಲ.

ನೆಟ್ ಮೀಟರ್ ಬರುವ ಮೊದಲೇ ಇನ್ವರ್ಟರ್ ಆನ್ ಮಾಡುವ ಆತುರ ಎಲ್ಲರಿಗೂ ಇರುತ್ತದೆ. ಅದು ಅನುಮತಿಯ ಪ್ರಶ್ನೆ ಮಾತ್ರವಲ್ಲ. ಕಳ್ಳತನ ತಡೆಯಲೆಂದು ಹಲವು ಎಲೆಕ್ಟ್ರಾನಿಕ್ ಮೀಟರುಗಳು ಕರೆಂಟ್ ಯಾವ ದಿಕ್ಕಿಗೆ ಹರಿದರೂ ಬಳಕೆ ಎಂದೇ ಎಣಿಸುತ್ತವೆ. ನೀವು ಪುಕ್ಕಟೆ ಕೊಟ್ಟ ಯೂನಿಟ್ಟಿಗೆ ನಿಮಗೇ ಬಿಲ್ಲು ಬರುತ್ತದೆ.

ತ್ರೀ ಫೇಸ್ ಮನೆಯಲ್ಲಿ ಇನ್ನೊಂದು ಗಂಟು. ಇನ್ವರ್ಟರ್ ಒಂದೇ ಫೇಸಿನಲ್ಲಿದ್ದು 3 ಕಿಲೋವ್ಯಾಟ್ ಹೊರಗೆ ಕೊಡುತ್ತಿದೆ, ಉಳಿದೆರಡು ಫೇಸು ತಲಾ 1.5 ಎಳೆಯುತ್ತಿವೆ ಎಂದುಕೊಳ್ಳಿ. ಮೂರೂ ಫೇಸನ್ನು ಕೂಡಿಸಿ ಎಣಿಸುವ ಮೀಟರಿಗೆ ಇದು ಸೊನ್ನೆ. ಫೇಸ್ ಫೇಸಿಗೆ ಬೇರೆ ಎಣಿಸುವ ಮೀಟರಿಗೆ ಗಂಟೆಗೆ 3 ಯೂನಿಟ್ ಎಕ್ಸ್‌ಪೋರ್ಟ್, 3 ಯೂನಿಟ್ ಇಂಪೋರ್ಟ್. ಯೂನಿಟ್ಟಿಗೆ ಯೂನಿಟ್ ವಜಾ ಇದ್ದರೆ ತೊಂದರೆಯಿಲ್ಲ, ನೆಟ್ ಬಿಲ್ಲಿಂಗಿನಲ್ಲಿ ನೇರ ನಷ್ಟ. ಅಲ್ಲಿ ತ್ರೀ ಫೇಸ್ ಇನ್ವರ್ಟರೇ ಬೇಕು.

ಮೀಟರ್ ಕೂರಿಸಿದವರು ಹೊರಡುವ ಮುನ್ನವೇ ಪರೀಕ್ಷೆ ಮುಗಿಸಿಬಿಡಿ. ಮೊದಲು ಇನ್ವರ್ಟರ್ ಆಫ್ ಮಾಡಿ, ಮನೆಯ ಉಳಿದ ಲೋಡ್ ತೆಗೆದು, 2 ಕಿಲೋವ್ಯಾಟಿನ ಗೀಸರ್ ಒಂದನ್ನೇ ಹಾಕಿ. ಯೂನಿಟ್ಟಿಗೆ 3,200 ಸಲ ಮಿನುಗುವ ಮೀಟರಾದರೆ ಕೆಂಪು ದೀಪ ನಿಮಿಷಕ್ಕೆ 107ರ ಹತ್ತಿರ ಮಿನುಗಬೇಕು, ಅರ್ಧ ಗಂಟೆಗೆ ಇಂಪೋರ್ಟ್ 1 ಯೂನಿಟ್ ಏರಬೇಕು, ಎಕ್ಸ್‌ಪೋರ್ಟ್ ಅಲುಗಬಾರದು. ಆಮೇಲೆ ಗೀಸರ್ ತೆಗೆದು ಇನ್ವರ್ಟರ್ ಆನ್ ಮಾಡಿ; ಈಗ ಎಕ್ಸ್‌ಪೋರ್ಟ್ ಮಾತ್ರ ಏರಬೇಕು. ಎರಡೂ ತಿರುವುಮುರುವಾದರೆ ಮೀಟರಿನ ಒಳ ಹೊರ ತಂತಿ ಅದಲುಬದಲಾಗಿದೆ ಎಂದರ್ಥ. ಕೊನೆಗೆ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರ್ 2 ಸೆಕೆಂಡಿನೊಳಗೆ ನಿಲ್ಲಬೇಕು, ಲೈನ್‌ಮನ್ ಪ್ರಾಣ ಅದರ ಮೇಲಿದೆ. ಬ್ಯಾಟರಿಯಿಲ್ಲದ ಮನೆಯಲ್ಲಿ ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುವುದು ಇದೇ ಕಾರಣಕ್ಕೆ. ಕರೆಂಟ್ ಬಂದ ಮೇಲೂ ಇನ್ವರ್ಟರ್ ಒಂದರಿಂದ ಐದು ನಿಮಿಷ ಕಾದು ನೋಡಿಯೇ ಶುರುವಾಗುತ್ತದೆ.

ಮೊದಲ ದಿನದ ಮೂರು ರೀಡಿಂಗುಗಳ ಫೋಟೊ ತೆಗೆದಿಟ್ಟುಕೊಳ್ಳಿ: ಇಂಪೋರ್ಟ್, ಎಕ್ಸ್‌ಪೋರ್ಟ್, ಉತ್ಪಾದನೆ. ಆಮೇಲೆ ತಿಂಗಳಿಗೊಮ್ಮೆ, ಬಿಲ್ಲು ಬರೆಯುವ ದಿನವೇ ಬರೆದಿಡಿ. ಬಿಸಿಲು ಹಾಗೇ ಇದ್ದು ಉತ್ಪಾದನೆ ಇಳಿದರೆ ಧೂಳು, ನೆರಳು ಅಥವಾ ಟ್ರಿಪ್. ಉತ್ಪಾದನೆ ಸರಿಯಿದ್ದು ಎಕ್ಸ್‌ಪೋರ್ಟ್ ಇಳಿದರೆ ಹಗಲು ಮನೆಯಲ್ಲಿ ಏನೋ ಹೊಸದಾಗಿ ಎಳೆಯುತ್ತಿದೆ. ಮೂರೂ ಸರಿಯಿದ್ದು ಬಿಲ್ಲು ಮಾತ್ರ ಹೆಚ್ಚಿದ್ದರೆ ಹಿಂದಿನ ತಿಂಗಳ ಜಮೆ ಸೇರಿದೆಯೇ ಎಂದು ಮೊದಲು ನೋಡಿ, ಸೇರಿರದಿದ್ದರೆ ಫೋಟೊ ಲಗತ್ತಿಸಿ ಅದೇ ತಿಂಗಳು ಬರೆದು ಕೊಡಿ.