ಪರ್ಸಿ ನೆಲಕ್ಕೆ ಆ್ಯಸಿಡ್ ಸುರಿಯಬೇಡಿ

ನಮ್ಮ ಬಾಗಲಕೋಟೆ ಕಡೆ ಹಳೇ ಮನೆಗಳಲ್ಲಿ ಈಗಲೂ ಪರ್ಸಿ, ಅಂದರೆ ಕಲ್ಲು ಚಪ್ಪಡಿಯ ನೆಲವೇ ಜಾಸ್ತಿ. ಹೊಸದಾಗಿ ಸಂಸಾರ ಹೂಡಿದವರು ಪಾಯಖಾನೆಗೆ ತಂದ ಆ್ಯಸಿಡ್ಡನ್ನೇ ಪಡಸಾಲೆಗೂ ಸುರಿಯುತ್ತಾರೆ. ಬುರುಬುರು ನೊರೆ ಬಂದರೆ ಕೊಳೆ ಬಿಡುತ್ತಿದೆ ಅಂತ ಖುಷಿ. ಅದು ಕೊಳೆಯ ನೊರೆ ಅಲ್ಲವ್ವಾ, ಕಲ್ಲೇ ಕರಗುತ್ತಿರುತ್ತದೆ. ಶಹಾಬಾದ ಪರ್ಸಿ ಸುಣ್ಣದ ಕಲ್ಲು. ಆ್ಯಸಿಡ್ ಇರಲಿ, ವಿನೆಗರ್ ಇರಲಿ, ನಿಂಬೆರಸ ಇರಲಿ, ಹುಳಿ ಸುಣ್ಣವನ್ನು ತಿನ್ನುತ್ತದೆ. ಹೊಳಪು ಹೋಗಿ ನೆಲ ತರಿತರಿಯಾದರೆ ದೂಳು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಸುಮ್ನೆ, ಪಾಲಿಶ್ ಮಾಡಿಸಬೇಕು.

ಪರ್ಸಿಗೆ ಬೇಕಾಗುವುದು ಬಹಳ ಕಡಿಮೆ. ಮೊದಲು ಚೆನ್ನಾಗಿ ಕಸ ಗುಡಿಸಿ. ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಅರಿವೆ ಗಟ್ಟಿಯಾಗಿ ಹಿಂಡಿ ಒರೆಸಿ, ಆಮೇಲೆ ಬರೀ ನೀರಲ್ಲಿ ಇನ್ನೊಂದು ಸಲ. ಎಣ್ಣೆ ಚೆಲ್ಲಿದರೆ ಮೊದಲು ಜೋಳದ ಹಿಟ್ಟು ಉದುರಿಸಿ, ಹೀರಿಕೊಂಡ ಮೇಲೆ ಬಳಿದು ತೆಗೆಯಿರಿ.

ಹುಳಿಗೆ ಕೆಲಸ ಇರುವುದು ನಲ್ಲಿ, ಬಕೆಟ್ ಮೇಲೆ. ನಮ್ಮ ಬೋರಿನ ನೀರು ಗಡಸು. ನಲ್ಲಿ ಬಾಯಿಗೆ ಬಿಳಿ ಕರೆ ಕಟ್ಟುತ್ತದೆ ಅಲ್ವಾ? ಅದೂ ಸುಣ್ಣದ ಅಂಶವೇ, ಅದಕ್ಕೇ ಸೋಪಿಗೆ ಜಗ್ಗುವುದಿಲ್ಲ. ಹುಣಸೆಹಣ್ಣಿನ ನೀರಲ್ಲಿ ಅರಿವೆ ಅದ್ದಿ ನಲ್ಲಿಗೆ ಸುತ್ತಿ, ಅರ್ಧ ಗಂಟೆ ಬಿಟ್ಟು ತಿಕ್ಕಿ ತೊಳೆಯಿರಿ. ಕೆಳಗೆ ಪರ್ಸಿ ಇದ್ದರೆ ಹನಿ ಬೀಳದ ಹಾಗೆ ಬಕೆಟ್ ಇಡಿ.

ಆ ಅರ್ಧ ಗಂಟೆ ಬಿಡುವುದೇ ಮುಖ್ಯ. ದವಾಖಾನೆಯಲ್ಲಿ, ಲಾಡ್ಜಿನಲ್ಲಿ ಸ್ವಚ್ಛ ಮಾಡುವ ಕೆಲಸ ಕಲಿತವರನ್ನು ನೋಡಿ. ಔಷಧಿ ಹಾಕಿ ಸ್ವಲ್ಪ ಹೊತ್ತು ಕಾಯುತ್ತಾರೆ, ಆಮೇಲೆ ಒರೆಸುತ್ತಾರೆ. ಮೇಲಿನಿಂದ ಕೆಳಗೆ ಒರೆಸುತ್ತಾ ಬರುತ್ತಾರೆ. ಪಾಯಖಾನೆಯ ಅರಿವೆಗೆ ಒಂದು ಬಣ್ಣ, ಟೇಬಲ್ಲಿನದಕ್ಕೆ ಇನ್ನೊಂದು. ಮನೆಯಲ್ಲೂ ಅಡುಗೆ ಕಟ್ಟೆಯ ಅರಿವೆ ಬೇರೆ ಇಟ್ಟುಕೊಳ್ಳಲು ಏನು ಖರ್ಚು? ಹಳೇ ಸೀರೆ ಹರಿದರೆ ಹತ್ತಾಗುತ್ತವೆ.

ಒಂದು ಮಾತು ಮಾತ್ರ ಮನೆಯ ಎಲ್ಲರಿಗೂ ಹೇಳಿಡಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸೇರಿಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಅನ್ನುವ ವಿಷದ ಗಾಳಿ ಏಳುತ್ತದೆ. ಸಣ್ಣ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಿಕ್ಕುವವರಿಗೆ ಅದು ಪ್ರಾಣಕ್ಕೇ ಬರಬಹುದು. ಮೂಗು, ಗಂಟಲು ಉರಿ ಹತ್ತಿದರೆ ಎಲ್ಲ ಅಲ್ಲೇ ಬಿಟ್ಟು ಮೊದಲು ಹೊರಗೆ ಬನ್ನಿ. ಕೆಮ್ಮು ನಿಲ್ಲದಿದ್ದರೆ ದವಾಖಾನೆಗೆ ಹೋಗಲು ತಡ ಮಾಡಬೇಡಿ.