ಕಾಫಿ ಕುಡಿದ ಲ್ಯಾಪ್‌ಟಾಪ್, ಜರ್ಮನ್ ಕೀಬೋರ್ಡ್

ಹಾಸನದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಬಿಲ್ ಬುಕ್ಕು, ಇದೇ ದಿನದ ಕೆಲಸ. ಹೋದ ಮೇ ತಿಂಗಳಲ್ಲಿ ಅಕ್ಕ-ಭಾವನನ್ನು ನೋಡಲು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆ. ಮೇ ಅಂದರೆ ಮದುವೆ ಕಾಲ. ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟಿದ್ದರೂ ಪ್ರೂಫ್ ಕೆಲಸ ನಾನೇ ನೋಡಬೇಕು. ಹಾಗಾಗಿ ಲ್ಯಾಪ್‌ಟಾಪ್ ಜೊತೆಗೇ ಇತ್ತು.

ಊರಿಂದ ಒಯ್ದ ಇನ್ನೊಂದು ವಸ್ತು ಕಾಫಿಪುಡಿ. ಶನಿವಾರ ರಾತ್ರಿ ಅಕ್ಕ ಫಿಲ್ಟರ್ ಕಾಫಿ ಮಾಡಿ ತಂದುಕೊಟ್ಟಳು. ಲೋಟ ಇಟ್ಟೆ, ಫೋನ್ ತೆಗೆಯಲು ಕೈ ಚಾಚಿದೆ, ಅಷ್ಟೇ. ಅರ್ಧ ಲೋಟ ಕೀಬೋರ್ಡ್ ಮೇಲೆ.

ತಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಚಾರ್ಜರ್ ಕಿತ್ತೆ. ಲ್ಯಾಪ್‌ಟಾಪ್ ಅರ್ಧ ತೆರೆದು, ಟವೆಲ್ ಮೇಲೆ ಗುಡಾರದ ಹಾಗೆ ಬೋರಲು ನಿಲ್ಲಿಸಿದೆ. ಭಾವ ಅಕ್ಕಿ ಡಬ್ಬಿ ತಂದರು. ಬೇಡ ಅಂದೆ. ಅಕ್ಕಿಯ ಧೂಳು ಒಳಗೆ ಹೋಗುತ್ತೆ ಅಷ್ಟೇ, ಏನೂ ಉಪಯೋಗ ಇಲ್ಲ. ನೀರಾಗಿದ್ದರೆ ಒಣಗಿಬಿಡುತ್ತಿತ್ತು. ಹಾಲು, ಸಕ್ಕರೆ ಹಾಕಿದ ಕಾಫಿ ಒಣಗಿದರೆ ಅಂಟಾಗುತ್ತೆ. ನನ್ನ ಭಯ ಅದೇ ಆಗಿತ್ತು.

ಆಗ ಅಲ್ಲಿ ರಾತ್ರಿ ಒಂಬತ್ತು, ಹಾಸನದಲ್ಲಿ ಹನ್ನೆರಡೂವರೆ. ಯಾರಿಗೆ ಫೋನ್ ಮಾಡೋದು? ಸೋಮವಾರ ಮಧ್ಯಾಹ್ನದೊಳಗೆ ಒಂದು ಲಗ್ನಪತ್ರಿಕೆ ಪ್ರೆಸ್ಸಿಗೆ ಹೋಗಬೇಕಿತ್ತು. ಮಾರನೆ ದಿನ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರಬೇಕು ಅಂತ ಕಾನೂನೇ ಇದೆ. ದೊಡ್ಡ ರೈಲ್ವೆ ಸ್ಟೇಷನ್, ಏರ್‌ಪೋರ್ಟ್ ಒಳಗಿನ ಅಂಗಡಿಗಳು ತೆರೆದಿರುತ್ತವೆ. ಅಲ್ಲಿ ಬ್ರೆಡ್ಡು, ಹೂವು ಸಿಗುತ್ತೆ, ಪುಣ್ಯ ಇದ್ದರೆ ಫೋನ್ ಚಾರ್ಜರ್.

ರಾತ್ರಿಯೆಲ್ಲ ಫೋನಿನಲ್ಲಿ ಹೊಸ ಲ್ಯಾಪ್‌ಟಾಪ್ ನೋಡುತ್ತಾ ಕೂತೆ. ಬೆಳಗಾಗುವಷ್ಟರಲ್ಲಿ ಏಳುನೂರು ಯೂರೋದ್ದೊಂದನ್ನು ಮನಸ್ಸಿನಲ್ಲೇ ಕೊಂಡಾಗಿತ್ತು. ಹದಿನೆಂಟು ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕ ಇಲ್ಲದೆ ಭಾರತಕ್ಕೆ ತರಬಹುದು. ಜರ್ಮನಿಯಲ್ಲಿ ಬೆಲೆಯೊಳಗೆ 19% ತೆರಿಗೆ ಸೇರಿರುತ್ತೆ. 50 ಯೂರೋ ದಾಟಿದ ಬಿಲ್ಲಾದರೆ ಅಂಗಡಿಯಲ್ಲಿ ಟ್ಯಾಕ್ಸ್ ಫ್ರೀ ಫಾರಂ ಕೇಳಿ, ಹೊರಡುವಾಗ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ವಸ್ತು ತೋರಿಸಿ ಮುದ್ರೆ ಹಾಕಿಸಿದರೆ ಅದರಲ್ಲಿ ಒಂದು ಪಾಲು ವಾಪಸ್ ಬರುತ್ತೆ. ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದು ವಿಷಯ ಮಾತ್ರ ಯೋಚಿಸಿರಲಿಲ್ಲ: ಹಾಳಾಗಿರುವುದು ನಿಜವಾಗಿ ಏನು?

ಅದನ್ನು ಕೇಳಿದ್ದು ಹಾಸನದ ರಿಪೇರಿ ಹುಡುಗ. ಎನ್.ಆರ್. ಸರ್ಕಲ್ ಹತ್ತಿರ ಸಣ್ಣ ಅಂಗಡಿ ಅವನದು, ನಮ್ಮ ಪ್ರಿಂಟರ್‌ಗಳನ್ನೂ ಅವನೇ ನೋಡುತ್ತಾನೆ. ಬೆಳಿಗ್ಗೆ ಏಳೂವರೆಗೆ ವಿಡಿಯೋ ಕಾಲ್ ಮಾಡಿದೆ. ಹಾಸನದಲ್ಲಿ ಹನ್ನೊಂದು.

"ಸುಮ್ನಿರಿ ಅಣ್ಣ, ಹೊಸದು ಕೊಳ್ಳೋ ಮಾತು ಆಮೇಲೆ. ಆನ್ ಮಾಡಿ ನೋಡಿದ್ರಾ?"

"ಇಲ್ಲ ಕಣೋ, ಭಯ."

"ಹಂಗೇ ಇರ್ಲಿ. ಮೊದ್ಲು ಹಿಂದಿನ ಮುಚ್ಚಳ ಬಿಚ್ಚಿ."

ಭಾವನ ಕನ್ನಡಕದ ಸ್ಕ್ರೂಡ್ರೈವರ್ ಕೆಲಸಕ್ಕೆ ಬಂತು. ಕಾಣುವ ಸ್ಕ್ರೂ ಎಂಟು, ರಬ್ಬರ್ ಕಾಲಿನ ಕೆಳಗೆ ಅವಿತವು ಎರಡು. ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಲು ಹೇಳಿದ. ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ತೋರಿಸಿದೆ. ಮದರ್‌ಬೋರ್ಡ್ ಒಣಗಿತ್ತು. ಕಂದು ಕಲೆ ಇದ್ದದ್ದು ಕೀಬೋರ್ಡಿನ ಕಬ್ಬಿಣದ ತಗಡಿನ ಅಂಚಿನಲ್ಲಿ ಮಾತ್ರ. ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ, ಒಂದು ಗಂಟೆ ಹಾಗೇ ಬಿಟ್ಟು ಕೂಡಿಸಿದೆ.

ಆನ್ ಆಯಿತು! ಆದರೆ ಪಾಸ್‌ವರ್ಡ್ ಜಾಗದಲ್ಲಿ ತಂತಾನೇ ಚುಕ್ಕೆಗಳು ಸಾಲಾಗಿ ಓಡತೊಡಗಿದವು. ಯಾವುದೋ ಗುಂಡಿ ಒಳಗೇ ಅಂಟಿಕೊಂಡಿತ್ತು.

ಇಲ್ಲೊಂದು ವಿಷಯ. ಹೀಗೆ ಒಂದು ಕೀ ಅಂಟಿಕೊಂಡಿದ್ದಾಗ ಹೊರಗಿನಿಂದ ಇನ್ನೊಂದು ಕೀಬೋರ್ಡ್ ಚುಚ್ಚಿದರೂ ಪ್ರಯೋಜನ ಇಲ್ಲ. ಒಳಗಿನದು ಒದರುತ್ತಲೇ ಇರುತ್ತೆ. ಅದರ ಬಾಯಿ ಮುಚ್ಚಿಸಬೇಕು. "ಪವರ್ ಬಟನ್ ಕೀಬೋರ್ಡ್ ಜೊತೆಗೇ ಇದ್ಯಾ, ಬೇರೆ ಇದ್ಯಾ?" ಅಂತ ಕೇಳಿದ. ಜೊತೆಗೇ ಇದ್ದು, ಕೀಬೋರ್ಡಿನ ಪಟ್ಟಿ ಕಿತ್ತರೆ ಮತ್ತೆ ಆನ್ ಮಾಡುವುದಕ್ಕೇ ಆಗುವುದಿಲ್ಲವಂತೆ. ನನ್ನದರಲ್ಲಿ ಬೇರೆ ಇತ್ತು. ಮತ್ತೆ ಬಿಚ್ಚಿ, ಮದರ್‌ಬೋರ್ಡಿಗೆ ಬಂದ ಅಗಲದ ರಿಬ್ಬನ್ ಪಟ್ಟಿ ಹುಡುಕಿದೆ. ಅದನ್ನು ಹಿಡಿದಿದ್ದ ಉಗುರಿನಷ್ಟು ಕಪ್ಪು ಚಿಲಕ ಎತ್ತಿದೆ. ಪಟ್ಟಿ ಸಲೀಸಾಗಿ ಈಚೆ ಬಂತು. ಚುಕ್ಕೆಗಳ ಓಟ ನಿಂತಿತು.

ಪಾಸ್‌ವರ್ಡನ್ನು ಸ್ಕ್ರೀನ್ ಕೀಬೋರ್ಡಿನಲ್ಲಿ ಹಾಕಿದೆ. ಲಾಗಿನ್ ಪರದೆಯ ಮೂಲೆಯಲ್ಲೇ ಅದರ ಗುರುತು ಇರುತ್ತೆ. ಭಾನುವಾರ ಪೂರ್ತಿ ಹೀಗೇ ನಡೆಯಿತು. ತಿದ್ದುಪಡಿಗಳನ್ನು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಲ್ಯಾಪ್‌ಟಾಪಿಗೆ ಕಳಿಸಿ, ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೇ ಆಸ್ಕಿ ಸಂಕೇತಕ್ಕೆ ಬದಲಿಸಿ, ಕಾರ್ಡು ವಿನ್ಯಾಸ ಮಾಡುವ ಕೋರೆಲ್‌ಡ್ರಾಗೆ ಅಂಟಿಸಿದೆ. ನೇರವಾಗಿ ಅಂಟಿಸಿದರೆ ನಮ್ಮ ಹಳೇ ಫಾಂಟ್‌ಗಳಲ್ಲಿ ಬರೀ ಡಬ್ಬಿ ಡಬ್ಬಿ ಬರುತ್ತೆ. ಹೊಸ ಲ್ಯಾಪ್‌ಟಾಪ್ ಕೊಂಡಿದ್ದರೆ ಈ ಫಾಂಟು, ಸಾಫ್ಟ್‌ವೇರು, ಗಿರಾಕಿಗಳ ಫೈಲು ಎಲ್ಲ ಎಲ್ಲಿಂದ ತರುತ್ತಿದ್ದೆ? ಬ್ಯಾಕಪ್ ಹಾರ್ಡ್ ಡಿಸ್ಕ್ ಹಾಸನದ ಅಂಗಡಿಯ ಡ್ರಾಯರ್‌ನಲ್ಲಿ ಕ್ಷೇಮವಾಗಿ ಕೂತಿತ್ತು!

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೀಡಿಯಾಮಾರ್ಕ್ಟ್ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿ ಬಾಗಿಲು ತೆಗೆಯುವಾಗ ನಾನೂ ಭಾವನೂ ಮುಂದೆ ನಿಂತಿದ್ದೆವು. ಇದ್ದ ಕೀಬೋರ್ಡ್‌ಗಳೆಲ್ಲ ಜರ್ಮನ್. ವೈ ಇರಬೇಕಾದ ಕಡೆ ಝಡ್, ಝಡ್ ಜಾಗದಲ್ಲಿ ವೈ. ಬಲಗಡೆ ತಲೆ ಮೇಲೆ ಎರಡು ಚುಕ್ಕೆ ಹೊತ್ತ ಅಕ್ಷರಗಳು. ಕಂಟ್ರೋಲ್ ಬದಲು 'ಎಸ್‌ಟಿಆರ್‌ಜಿ', ಡಿಲೀಟ್ ಬದಲು 'ಇಎನ್‌ಟಿಎಫ್'. ಭಾವ ಮುಖ ಸಪ್ಪೆ ಮಾಡಿಕೊಂಡರು. ನನಗೆ ಚಿಂತೆ ಆಗಲಿಲ್ಲ. ಕೀಬೋರ್ಡ್ ಕಂಪ್ಯೂಟರಿಗೆ ಕಳಿಸುವುದು ಯಾವ ಜಾಗದ ಗುಂಡಿ ಒತ್ತಿದರು ಅನ್ನುವುದನ್ನು ಮಾತ್ರ. ಮೇಲೆ ಏನು ಅಚ್ಚಾಗಿದೆ ಅಂತ ಅದಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಭಾಷೆ ಇಂಗ್ಲಿಷ್ ಇದ್ದರೆ ಅಕ್ಷರಗಳೂ ಇಂಗ್ಲಿಷಿನ ಜಾಗದಲ್ಲೇ ಬರುತ್ತವೆ. ನೋಡದೆ ಟೈಪ್ ಮಾಡುವವರಿಗೆ ತೊಂದರೆ ಇಲ್ಲ. ನಾನು ಹದಿನೈದು ವರ್ಷದಿಂದ ನೋಡಿಲ್ಲ. ಎಡಗಡೆ ಶಿಫ್ಟ್ ಮಾತ್ರ ಮೋಟು, ಪಕ್ಕದಲ್ಲೊಂದು ಹೆಚ್ಚಿನ ಕೀ. ಕಿರುಬೆರಳು ಮೊದಲ ದಿನ ಅಲ್ಲೇ ಎಡವುತ್ತಿತ್ತು.

ಹದಿನೇಳು ಯೂರೋ. ಟ್ಯಾಕ್ಸ್ ಫ್ರೀ ಮಾತೇ ಇಲ್ಲ. ಜೊತೆಗೆ ಇನ್ನೊಂದು ಚಿಕ್ಕ ವಸ್ತು ಕೊಂಡೆ, ಅದನ್ನು ಮಾತ್ರ ಎಲ್ಲರಿಗೂ ಹೇಳುತ್ತೇನೆ. ಲ್ಯಾಪ್‌ಟಾಪ್ ಚಾರ್ಜರ್‌ನ ಡಬ್ಬಿಯಿಂದ ಗೋಡೆಗೆ ಹೋಗುವ ವೈರು ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ತುಂಡು. ಡಬ್ಬಿಯ ಕಡೆ ಮೂರು ತೂತು, ಮಿಕ್ಕಿ ಮೌಸ್ ಮುಖದ ಹಾಗೆ. ನಮ್ಮ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ನಾನು ಅಲ್ಲಿಯವರೆಗೆ ಒಂದು ಲಡಾಸು ಅಡಾಪ್ಟರ್‌ನಲ್ಲಿ ಕಾಲ ಹಾಕುತ್ತಿದ್ದೆ. ಸ್ವಲ್ಪ ಅಲುಗಾಡಿದರೂ ಕರೆಂಟ್ ಹೋಗುತ್ತಿತ್ತು. ಆ ವೈರ್ ತುಂಡನ್ನೇ ಅಲ್ಲಿನದು ಕೊಂಡರೆ ಮುಗಿಯಿತು. ಡಬ್ಬಿಯ ಮೇಲೆ 100-240 ವೋಲ್ಟ್, 50-60 ಹರ್ಟ್ಸ್ ಅಂತ ಬರೆದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಇದ್ದರೆ ಅದು ಯಾವ ದೇಶದಲ್ಲೂ ನಡೆಯುತ್ತೆ.

ಮನೆಗೆ ಬಂದು ಹನ್ನೊಂದಕ್ಕೆ ಕೂತೆ, ಹಾಸನದಲ್ಲಿ ಎರಡೂವರೆ. ಗಿರಾಕಿ ಎರಡು ಸಲ ಫೋನ್ ಮಾಡಿದ್ದರು. ವಧುವಿನ ಅಜ್ಜಿಯ ಹೆಸರು ಬಿಟ್ಟುಹೋಗಿದೆ, 'ಆಶೀರ್ವದಿಸುವವರು' ಸಾಲಿನಲ್ಲಿ ಸೇರಿಸಬೇಕಂತೆ. ಸೇರಿಸಿದೆ. ಮೂರಕ್ಕೆ ಪಿಡಿಎಫ್ ಪ್ರೆಸ್ಸಿಗೆ ಹೋಯಿತು.

ಊರಿಗೆ ಬಂದ ಮೇಲೆ ರಿಪೇರಿ ಹುಡುಗ ಒಳಗಿನ ಕೀಬೋರ್ಡ್ ಬದಲಾಯಿಸಿಕೊಟ್ಟ. ಜರ್ಮನ್ ಕೀಬೋರ್ಡ್ ಈಗ ಅಂಗಡಿಯ ಎರಡನೇ ಕಂಪ್ಯೂಟರ್‌ನಲ್ಲಿದೆ. ನಮ್ಮ ಹುಡುಗ ಇನ್ನೂ ಕೀ ನೋಡಿಕೊಂಡೇ ಟೈಪ್ ಮಾಡುತ್ತಾನೆ. ಕನ್ನಡ ಟೈಪ್ ಮಾಡುವ ಕಗಪ ಕೀಲಿ ವಿನ್ಯಾಸದಲ್ಲಿ ವೈ ಒತ್ತಿದರೆ 'ಯ', ಝಡ್ ಒತ್ತಿದರೆ 'ಞ'. ಮೊನ್ನೆ ಒಂದು ಕಾರ್ಡಿನಲ್ಲಿ ವರ 'ಚಿರಂಜೀವಿ ಜಞರಾಮ' ಆಗಿದ್ದ. ಪ್ರೂಫ್‌ನಲ್ಲಿ ಸಿಕ್ಕಿಬಿದ್ದ. ಸಂಜೆ ಆ ಎರಡು ಕೀಗಳ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಪೆನ್ನಿನಲ್ಲಿ ಬರೆದೆ.