ಎಂಜಿನ್ ವೇಗದ ಅಂಕಿ ಜಿಗಿಯುತ್ತಿದ್ದುದನ್ನು ಸರಿಪಡಿಸಿದ ಬಗೆ

ಬಳ್ಳಾರಿಯ ನಮ್ಮ ಮನೆಯ ಹಳೆಯ, ಡಿಸ್ಟ್ರಿಬ್ಯೂಟರ್ (ಕಿಡಿಯ ವಿದ್ಯುತ್ತನ್ನು ಸಿಲಿಂಡರುಗಳಿಗೆ ಸರದಿಯಂತೆ ಹಂಚುವ ಭಾಗ) ಇರುವ ಪೆಟ್ರೋಲ್ ಕಾರಿಗೆ ಆರ್ಡುಯಿನೊ ಉನೊ ಎಂಬ ಪ್ರೋಗ್ರಾಂ ಮಾಡಬಲ್ಲ ಪುಟ್ಟ ಬೋರ್ಡು ಬಳಸಿ, ಎಂಜಿನ್ನಿನ ಕಿಡಿಗಳನ್ನು ಎಣಿಸಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬ ಅಂಕಿ) ತೋರಿಸುವ ಮಾಪಕ ಕಟ್ಟಿದಾಗ, ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ) 800ರ ಆಸುಪಾಸು ಇರಬೇಕಾದ ಅಂಕಿ 5,000ದವರೆಗೂ ಜಿಗಿಯುತ್ತಿತ್ತು. ನಾಲ್ಕು ಸಿಲಿಂಡರಿನ ಫೋರ್‌ಸ್ಟ್ರೋಕ್ ಎಂಜಿನ್ನಿನಲ್ಲಿ ಎಂಜಿನ್ನಿನ ಪ್ರತಿ ಸುತ್ತಿಗೂ ಎರಡು ಕಿಡಿಗಳೆಂಬ ಲೆಕ್ಕ ಸರಿಯಾಗಿಯೇ ಇತ್ತು. ದೋಷವಿದ್ದದ್ದು ಇಗ್ನಿಷನ್ ಕಾಯಿಲಿನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ತಂತಿಸುರುಳಿ) ಋಣ ತುದಿಯಿಂದ ಪಡೆದ ಸಂಕೇತದಲ್ಲಿ: ವಿದ್ಯುತ್ ಕಡಿದ ಕ್ಷಣದಲ್ಲಿ ಅಲ್ಲಿ ನೂರಾರು ವೋಲ್ಟ್ ಚಿಮ್ಮಿ, ಬಳಿಕ ಅಲೆಯಲೆಯಾಗಿ ಇಳಿಯುವಾಗ, ಒಂದೇ ಕಿಡಿಯನ್ನು ಆರ್ಡುಯಿನೊ ಹಲವು ಬಾರಿ ಎಣಿಸುತ್ತಿತ್ತು. ಸಂಕೇತವನ್ನು ರೆಸಿಸ್ಟರ್, ಡಯೋಡ್ ಮತ್ತು ಆಪ್ಟೋಕಪ್ಲರ್ (ನೇರ ವಿದ್ಯುತ್ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಮೂಲಕ ಬೋರ್ಡಿನ 2ನೇ ಪಿನ್ನಿಗೆ ಹಾಯಿಸಿದೆ (ಆ ವೋಲ್ಟೇಜನ್ನು ನೇರವಾಗಿ ಕೊಟ್ಟರೆ ಬೋರ್ಡು ಸುಟ್ಟೇಹೋಗುತ್ತದೆ). 6,000 ಆರ್‌ಪಿಎಂನಲ್ಲೂ ಕಿಡಿಗಳ ನಡುವೆ 5 ಮಿಲಿಸೆಕೆಂಡ್ ಅಂತರವಿರುವುದರಿಂದ, ಒಂದು ಎಣಿಕೆಯ ನಂತರದ 3 ಮಿಲಿಸೆಕೆಂಡಿನೊಳಗೆ ಬಂದದ್ದನ್ನೆಲ್ಲ ಕೈಬಿಡುವಂತೆ ಪ್ರೋಗ್ರಾಂ ತಿದ್ದಿದೆ. ಈಗ ಅಂಕಿ 780 ಮತ್ತು 820ರ ನಡುವೆಯೇ ನಿಲ್ಲುತ್ತದೆ.